ಇಪ್ಪತ್ತು ತಿಂಗಳ ಮಗಳಿಗೆ ಪದೇ ಪದೇ ಕಿವಿ ಇನ್ಫೆಕ್ಷನ್. ಗ್ರೋಮೆಟ್ ಹಾಕಿಸಬೇಕೇ?

ಆರು ತಿಂಗಳಲ್ಲಿ ನಾಲ್ಕು ಸಲ ಕಿವಿನೋವು, ನಾಲ್ಕು ಸಲ ಆಂಟಿಬಯಾಟಿಕ್, ಈಗ ಡಾಕ್ಟರು ಗ್ರೋಮೆಟ್ (ಕಿವಿ ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ) ಹಾಕಿಸಿ ಅನ್ನುತ್ತಿದ್ದಾರೆ, ಮನೆಯಲ್ಲಿ ಹಿರಿಯರು ಬೇಡ ಅನ್ನುತ್ತಿದ್ದಾರೆ ಅಂತ ಬರೆದಿದ್ದೀರಿ. ಓದುತ್ತಾ ನನಗೆ ಆ ರಾತ್ರಿಗಳೆಲ್ಲ ನೆನಪಾದವು. ನಾನು ಡಾಕ್ಟರಲ್ಲ, ಇದೇ ದಾರಿಯಲ್ಲಿ ನಡೆದು ಬಂದ ತಾಯಿ. ನನ್ನ ಮಗನಿಗೆ ಎರಡೂವರೆ ವರ್ಷಕ್ಕೆ ಎರಡೂ ಕಿವಿಗೆ ಗ್ರೋಮೆಟ್ ಹಾಕಿಸಿದೆವು. ನನ್ನ ತಂಗಿಯ ಮಗಳಿಗೂ ಪದೇ ಪದೇ ಕಿವಿ ಕೀವಾಗುತ್ತಿತ್ತು, ಅವಳಿಗೆ ಹಾಕಿಸಲಿಲ್ಲ. ಎರಡೂ ಸರಿಯಾದ ತೀರ್ಮಾನವೇ.

ವ್ಯತ್ಯಾಸ ಇದ್ದದ್ದು ಒಂದೇ ಕಡೆ. ಅದನ್ನೇ ನೀವು ಡಾಕ್ಟರನ್ನು ಕೇಳಬೇಕು: ಜ್ವರ, ನೋವು ಎಲ್ಲ ಇಳಿದ ಮೇಲೂ ಕಿವಿ ತಮಟೆಯ ಹಿಂದೆ ನೀರು ನಿಂತಿದೆಯಾ? ಎಷ್ಟು ದಿನದಿಂದ?

ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಒಂದು ಸಣ್ಣ ಕೊಳವೆ ಇರುತ್ತದೆ. ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ. ಚಿಕ್ಕ ಮಕ್ಕಳಲ್ಲಿ ಗಿಡ್ಡ, ಹೆಚ್ಚೂಕಡಿಮೆ ಅಡ್ಡ. ನೆಗಡಿಯಾದರೆ ಸಾಕು, ಊದಿ ಮುಚ್ಚಿಕೊಳ್ಳುತ್ತದೆ. ಒಳಗೆ ಗಾಳಿ ಆಡುವುದಿಲ್ಲ, ನೀರು ಸೇರುತ್ತದೆ, ಅದರಲ್ಲಿ ಸೋಂಕು ಹತ್ತಿದರೆ ಕೀವು. ಗ್ರೋಮೆಟ್ ಅಂದರೆ ತಮಟೆಯಲ್ಲಿ ಕೂರಿಸುವ ಪುಟ್ಟ ಕಿಟಕಿ, ಅಷ್ಟೆ. ಆ ಕಿಟಕಿಯಿಂದ ಗಾಳಿ ಒಳಗೆ ಹೋಗುತ್ತದೆ, ನೀರು ಹೊರಗೆ ಬರುತ್ತದೆ.

ತಂಗಿಯ ಮಗಳಿಗೆ ಪ್ರತಿ ಸಲ ಇನ್ಫೆಕ್ಷನ್ ಇಳಿದ ಮೇಲೆ ಕಿವಿ ಪೂರ್ತಿ ಸ್ವಚ್ಛವಾಗುತ್ತಿತ್ತು. ಅಂಥ ಮಕ್ಕಳಿಗೆ ಆಪರೇಷನ್ನಿಂದ ಜಾಸ್ತಿ ಲಾಭ ಇಲ್ಲ. ಇದು ನನ್ನ ಊಹೆಯಲ್ಲ. 2021ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವೈದ್ಯರ ತಂಡ ಆರರಿಂದ 35 ತಿಂಗಳ 250 ಮಕ್ಕಳ ಅಧ್ಯಯನವೊಂದನ್ನು ಪ್ರಕಟಿಸಿತು. ಒಂದು ಗುಂಪಿಗೆ ಗ್ರೋಮೆಟ್, ಇನ್ನೊಂದಕ್ಕೆ ಸೋಂಕು ಬಂದಾಗ ಮಾತ್ರ ಔಷಧಿ. ಎರಡು ವರ್ಷದ ಲೆಕ್ಕ ನೋಡಿದರೆ, ಮಗುವೊಂದಕ್ಕೆ ವರ್ಷಕ್ಕೆ ಸರಾಸರಿ 1.48 ಸಲ ಮತ್ತು 1.56 ಸಲ ಸೋಂಕು. ಹೆಚ್ಚು ಕಡಿಮೆ ಒಂದೇ. ಬೆಳೆಯುತ್ತಾ ಎರಡೂ ಗುಂಪಿನ ಮಕ್ಕಳಿಗೆ ಸೋಂಕು ತಾನಾಗಿಯೇ ಕಮ್ಮಿಯಾಯಿತು. ಮರುವರ್ಷ ಅಲ್ಲಿನ ಇಎನ್‌ಟಿ ವೈದ್ಯರ ಸಂಘದ ಮಾರ್ಗಸೂಚಿಯೂ ಅದನ್ನೇ ಹೇಳಿತು: ಪದೇ ಪದೇ ಸೋಂಕು ಬರುತ್ತಿದ್ದರೂ, ಪರೀಕ್ಷೆ ದಿನ ಎರಡೂ ಕಿವಿಯಲ್ಲಿ ನೀರಿಲ್ಲದಿದ್ದರೆ ಗ್ರೋಮೆಟ್ ಬೇಡ.

ನನ್ನ ಮಗನ ಕಥೆ ಬೇರೆ. ನಾಲ್ಕು ತಿಂಗಳಾದರೂ ಎರಡೂ ಕಿವಿಯ ನೀರು ಇಳಿಯಲಿಲ್ಲ. ಅದಕ್ಕೆ ಮುಂಚೆ ಒಂದು ಕ್ಲಿನಿಕ್ಕಿನಲ್ಲಿ ಕಿವಿಯೊಳಗೆ ಸರಿಯಾಗಿ ನೋಡದೆ ಸುಮ್ನೆ ಸಿರಪ್ ಬದಲಿಸುತ್ತಾ ಹೋದರು. ಅದು ನನಗೆ ಇವತ್ತಿಗೂ ಸಂಕಟ. ಮಗು ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಹಟಮಾರಿ ಅಂದುಕೊಂಡು ನಾನೇ ಗದರಿದ್ದೇನೆ. ಕೇಳಿಸುತ್ತಿರಲಿಲ್ಲ ಪಾಪ. ಆಮೇಲೆ ಟಿಂಪನೊಮೆಟ್ರಿ (ತಮಟೆಯ ಹಿಂದೆ ನೀರಿದೆಯಾ ಅಂತ ನೋಡುವ ಪರೀಕ್ಷೆ), ಶ್ರವಣ ಪರೀಕ್ಷೆ ಎರಡೂ ಮಾಡಿಸಿದೆವು. ನೀವೂ ಮಾಡಿಸಿ. ಮೈಸೂರಿನ ಹತ್ತಿರ ಇದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, ಪುಟ್ಟ ಮಕ್ಕಳ ಕಿವಿ ಪರೀಕ್ಷೆಯೇ ಅವರ ನಿತ್ಯದ ಕೆಲಸ.

ಆಪರೇಷನ್ ಕಾಲು ಗಂಟೆ ಹಿಡಿಯಿತು. ಪೂರ್ತಿ ಅರಿವಳಿಕೆ ಕೊಡುತ್ತಾರೆ, ಬಾಗಿಲ ಹೊರಗೆ ಕೂತ ಆ ಕಾಲು ಗಂಟೆ ಕಷ್ಟವೇ. ಡಾಕ್ಟರು ಮೊದಲೇ ಒಂದು ಗ್ರೋಮೆಟ್ ತೋರಿಸಿದ್ದರು. ನೂಲು ಸುತ್ತುವ ರೀಲಿನ ಆಕಾರ, ಅಕ್ಕಿಕಾಳಿಗಿಂತ ಚಿಕ್ಕದು. ಸಂಜೆ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಕುಕ್ಕರ್ ಸೀಟಿ ಹೊಡೆದದ್ದೇ ತಡ, ಮಗ ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದು ನನ್ನ ಕಾಲು ತಬ್ಬಿಕೊಂಡ. ನಾನು ಒಲೆ ಆರಿಸಿ ಅಲ್ಲೇ ಕೂತು ಅತ್ತುಬಿಟ್ಟೆ.

ಹಾಕಿಸಿದ ಮೇಲೂ ಸೋಂಕು ಬರಬಹುದು. ನಮಗೆ ಎರಡು ಸಲ ಬಂತು. ಆದರೆ ಒಳಗೆ ಒತ್ತಡ ಕಟ್ಟುವುದಿಲ್ಲ, ಕೀವು ಹೊರಗೆ ಸೋರುತ್ತದೆ, ಹಾಗಾಗಿ ನೋವು ಕಮ್ಮಿ. ಸಾಮಾನ್ಯವಾಗಿ ಡಾಕ್ಟರು ಬರೆದುಕೊಟ್ಟ ಕಿವಿ ಹನಿಯಲ್ಲೇ ವಾಸಿಯಾಗುತ್ತದೆ, ಸಿರಪ್ ಬೇಕಾಗುವುದಿಲ್ಲ. ಹನಿಯನ್ನು ಮಾತ್ರ ಅಂಗಡಿಯಿಂದ ನೀವೇ ತರಬೇಡಿ. ತೂತಿರುವ ಕಿವಿಗೆ ಕೆಲವು ಹನಿಗಳು ಹಾನಿ ಮಾಡುತ್ತವೆ. ಗ್ರೋಮೆಟ್ ಆರರಿಂದ ಹದಿನೆಂಟು ತಿಂಗಳಲ್ಲಿ ತಾನಾಗಿ ಬೀಳುತ್ತದೆ, ತೂತೂ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ನೂರರಲ್ಲಿ ಒಂದೆರಡು ಮಕ್ಕಳಿಗೆ ಮುಚ್ಚದೆ ಉಳಿಯುವುದುಂಟು, ಅದನ್ನು ತಿಳಿದೇ ಒಪ್ಪಿಕೊಳ್ಳಿ.

ಆಪರೇಷನ್ ಆಗಲಿ ಬಿಡಲಿ, ಇವತ್ತಿನಿಂದಲೇ ಮಾಡಬಹುದಾದದ್ದೂ ಇದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಲೇಬೇಡಿ. ನಮ್ಮಮ್ಮನೂ ಪ್ರೀತಿಯಿಂದಲೇ ಬಿಟ್ಟಿದ್ದರು, ಆದರೆ ಸೋರುವ ಕಿವಿಯ ತಮಟೆಯಲ್ಲಿ ಆಗಲೇ ತೂತು ಇರುತ್ತದಲ್ವಾ? ಮಲಗಿಸಿ ಬಾಟಲಿ ಹಾಲು ಕೊಡಬೇಡಿ. ಮನೆಯೊಳಗೆ ಯಾರೂ ಬೀಡಿ, ಸಿಗರೇಟು ಸೇದುವುದು ಬೇಡ. ಲಸಿಕೆ ಕಾರ್ಡ್ ತೆಗೆದು ಪಿಸಿವಿ (ಕಿವಿ ಸೋಂಕಿಗೂ ಕಾರಣವಾಗುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ) ಮೂರೂ ಡೋಸ್ ಆಗಿದೆಯಾ ನೋಡಿ. 2021ರಿಂದ ಅದು ದೇಶದ ಎಲ್ಲ ಸರ್ಕಾರಿ ಲಸಿಕಾ ಕೇಂದ್ರಗಳಲ್ಲಿ ಉಚಿತ.

ಇನ್ನೊಂದು ಮಾತು. ಮಗಳ ಕಿವಿಯ ಹಿಂದೆ ಕೆಂಪಗೆ ಊದಿ, ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ ಈ ಯಾವ ಯೋಚನೆಯೂ ಬೇಡ. ರಾತ್ರಿಯಾಗಿದ್ದರೂ ಸರಿ, ಆಗಲೇ ಆಸ್ಪತ್ರೆಗೆ ಹೊರಡಿ.