ಸಂಪಾದಕರ ಉತ್ತರ: ಮಗನ ಫೀಸಿನಲ್ಲಿ ಆ ಎಂಟು ಡಾಲರ್ ಯಾಕೆ?

ತಿಪಟೂರಿನಿಂದ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಮಗ ಕೆನಡಾದ ಒಂಟಾರಿಯೋದಲ್ಲಿ ಓದುತ್ತಿದ್ದಾನೆ. ತೆಂಗಿನ ತೋಟದ ಪತ್ರ ಬ್ಯಾಂಕಿನಲ್ಲಿಟ್ಟು ಸಾಲ ಎತ್ತಿ ಕಳಿಸಿದ್ದಾರೆ. ಫೀಸಿನ ಬಿಲ್ಲಿನಲ್ಲಿ ‘ಓಪಿರ್ಗ್’ (ಒಂಟಾರಿಯೋ ಸಾರ್ವಜನಿಕ ಹಿತಾಸಕ್ತಿ ಸಂಶೋಧನಾ ಗುಂಪು, ವಿದ್ಯಾರ್ಥಿಗಳ ದುಡ್ಡಿನಲ್ಲಿ ನಡೆಯುವ ಸಂಸ್ಥೆ) ಅಂತ ಒಂದು ಸಾಲು, ಅದರ ಮುಂದೆ ಎಂಟು ಡಾಲರ್ ಚಿಲ್ಲರೆ. ಏನಪ್ಪಾ ಇದು ಅಂದರೆ, ಮೂಲನಿವಾಸಿಗಳ ಭೂಮಿ ಹಕ್ಕು, ಹವಾಮಾನ, ಜನಾಂಗೀಯ ದ್ವೇಷದ ವಿರುದ್ಧದ ಕೆಲಸ ಇಂಥದ್ದಕ್ಕೆ ಹೋಗುತ್ತಂತೆ ಅಂದನಂತೆ ಮಗ. ಮೇಷ್ಟ್ರಿಗೆ ಸಿಟ್ಟು ಬಂದಿದೆ. ‘ಯಾರದೋ ಧರಣಿಗೆ ನನ್ನ ಸಾಲದ ದುಡ್ಡು ಯಾಕೆ? ಕೊಡಲೇಬೇಕು ಅಂದರೆ ನಮ್ಮ ನಾಗರಹೊಳೆಯ ಜೇನುಕುರುಬರು ಹತ್ತಿರ ಇಲ್ಲವೇ? ನಾಳೆ ಮಗನ ವೀಸಾಕ್ಕೆ ತೊಂದರೆಯಾದರೆ ಯಾರು ಹೊಣೆ?’ ಇಷ್ಟು ಪತ್ರದ ಸಾರ.

ನಮಸ್ಕಾರ ಮೇಷ್ಟ್ರೇ,

ಮೊದಲು ದುಡ್ಡಿನ ಮಾತೇ ಆಡೋಣ, ಯಾಕೆಂದರೆ ಸಿಟ್ಟು ಇರುವುದು ಅಲ್ಲಿ. ಒಂಟಾರಿಯೋದ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದ ಡಿಗ್ರಿ ವಿದ್ಯಾರ್ಥಿಯ ಫೀಸು ವರ್ಷಕ್ಕೆ 40,000 ಡಾಲರ್ ದಾಟುವುದು ಮಾಮೂಲು. ಪಕ್ಕದ ಬೆಂಚಿನ ಕೆನಡಾದ ಹುಡುಗ ಅದರಲ್ಲಿ ಸಣ್ಣ ಪಾಲು ಕಟ್ಟುತ್ತಾನೆ. 2019ರ ಜನವರಿಯಲ್ಲಿ ಒಂಟಾರಿಯೋ ಪ್ರಾಂತ್ಯದ ಮುಖ್ಯಮಂತ್ರಿ ಡಗ್ ಫೋರ್ಡ್ ಅವರ ಸರ್ಕಾರ ಸ್ಥಳೀಯ ವಿದ್ಯಾರ್ಥಿಗಳ ಫೀಸು 10% ಇಳಿಸಿತು, ಆಮೇಲೆ ವರ್ಷಗಟ್ಟಲೆ ಏರಿಸಲು ಬಿಡಲಿಲ್ಲ. ಒಳ್ಳೆಯದೇ. ಆದರೆ ಆ ಕೊರತೆಯನ್ನು ಸರ್ಕಾರ ತನ್ನ ಜೇಬಿನಿಂದ ತುಂಬಿಕೊಡಲಿಲ್ಲ. ಕಾಲೇಜುಗಳು ನಮ್ಮ ಮಕ್ಕಳ ಕಡೆ ತಿರುಗಿದವು. ನಿಮ್ಮ ತೋಟದ ಪತ್ರ ಬ್ಯಾಂಕಿಗೆ ಹೋದದ್ದರಲ್ಲಿ ಈ ಲೆಕ್ಕದ ಪಾಲು ದೊಡ್ಡದು.

ಅದೇ ದಿನ, ಅದೇ ಘೋಷಣೆಯಲ್ಲಿ ಇನ್ನೊಂದು ವಿಷಯವೂ ಇತ್ತು. ಆಟದ ಮೈದಾನ, ಆರೋಗ್ಯ ಸೇವೆ ಇಂಥವು ‘ಅಗತ್ಯ’ ಶುಲ್ಕ. ವಿದ್ಯಾರ್ಥಿ ಸಂಘ, ವಿದ್ಯಾರ್ಥಿ ಪತ್ರಿಕೆ, ಓಪಿರ್ಗ್ ಥರದವು ಬೇಕಾದರೆ ಕಟ್ಟಿ, ಬೇಡದಿದ್ದರೆ ಬಿಡಿ. ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಕೆಲವೇ ವಾರಗಳಲ್ಲಿ ಫೋರ್ಡ್ ತಮ್ಮ ಪಕ್ಷಕ್ಕೆ ಚಂದಾ ಕೇಳಿ ಕಳಿಸಿದ ಈಮೇಲ್‌ನಲ್ಲಿ ವಿದ್ಯಾರ್ಥಿ ಸಂಘಗಳನ್ನು ಮಾರ್ಕ್ಸ್‌ವಾದದ ಹುಚ್ಚಾಟ ಅಂತ ಹಂಗಿಸಿದರು. ಆಗ ಜನರಿಗೆ ಇದು ಬರೀ ಜೇಬಿನ ಕಾಳಜಿಯಲ್ಲ ಅಂತ ಗೊತ್ತಾಯಿತು. ವಿದ್ಯಾರ್ಥಿ ಸಂಘಗಳು ಕೋರ್ಟಿಗೆ ಹೋದವು. 2019ರ ನವೆಂಬರ್‌ನಲ್ಲಿ ಡಿವಿಜನಲ್ ಕೋರ್ಟು, 2021ರ ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟು ಎರಡೂ, ಇದನ್ನು ಹೇರಲು ಸರ್ಕಾರಕ್ಕೆ ಅಧಿಕಾರವಿಲ್ಲ ಅಂದವು. ಸರ್ಕಾರ ಸುಮ್ನೆ ಕೂರಲಿಲ್ಲ. 2025ರಲ್ಲಿ ಮಸೂದೆ 33 ತಂದು, ಇಂಥ ಶುಲ್ಕಗಳಿಗೆ ನಿಯಮ ಮಾಡುವ ಅಧಿಕಾರವನ್ನು ಕಾನೂನಿನಲ್ಲೇ ಬರೆದುಕೊಳ್ಳಲು ಹೊರಟಿತು. ಅಂದರೆ ನೀವು ಎತ್ತಿದ ಪ್ರಶ್ನೆ ಅಲ್ಲಿ ಇನ್ನೂ ಬಿಸಿಯಾಗಿಯೇ ಇದೆ.

ಈ ಎಂಟು ಡಾಲರ್ ಯಾರೋ ಅಧಿಕಾರಿ ಕೂತು ಹಾಕಿದ್ದಲ್ಲ. ಅಮೆರಿಕದ ವಕೀಲ ರಾಲ್ಫ್ ನೇಡರ್ 1970ರ ಹೊತ್ತಿಗೆ ಹುಟ್ಟುಹಾಕಿದ ಐಡಿಯಾ ಇದು: ಒಬ್ಬೊಬ್ಬ ವಿದ್ಯಾರ್ಥಿಯೂ ಚೂರು ಚೂರು ಕೊಟ್ಟರೆ, ಸಾರ್ವಜನಿಕರ ಪರವಾಗಿ ಅಧ್ಯಯನ ಮಾಡಲು ತಮ್ಮದೇ ಜನರನ್ನು ಇಟ್ಟುಕೊಳ್ಳಬಹುದು. ಆ ದಶಕದ ಮೊದಲ ವರ್ಷಗಳಲ್ಲೇ ಅದು ಒಂಟಾರಿಯೋದ ವಾಟರ್ಲೂ ವಿಶ್ವವಿದ್ಯಾಲಯಕ್ಕೆ ಬಂತು, ಅಲ್ಲಿಂದ ಬೇರೆ ಕ್ಯಾಂಪಸ್‌ಗಳಿಗೆ ಹಬ್ಬಿತು. ವಿದ್ಯಾರ್ಥಿಗಳು ಮತ ಹಾಕಿ ಒಪ್ಪಿದರೆ ಶುಲ್ಕ ಇರುತ್ತದೆ, ಮತ ಹಾಕಿಯೇ ಕಿತ್ತುಹಾಕಲೂಬಹುದು. ನಮ್ಮಲ್ಲಿ ಕಾಲೇಜು ಚುನಾವಣೆ ನಿಂತೇ ದಶಕಗಳಾದವು. ಹಾಗಾಗಿ ಇದು ನಮಗೆ ವಿಚಿತ್ರ ಅನ್ನಿಸುವುದು ಸಹಜ.

ಈ ದುಡ್ಡಿನಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದೇ ಊರಿನ ಕಥೆ ಹೇಳುತ್ತೇನೆ. ವಾಯುವ್ಯ ಒಂಟಾರಿಯೋದ ಡ್ರೈಡನ್‌ನಲ್ಲಿ ಒಂದು ಪೇಪರ್ ಕಾರ್ಖಾನೆ. 1962ರಿಂದ 1970ರವರೆಗೆ ಅದು ನದಿಗೆ ಬಿಟ್ಟ ಪಾದರಸ ಸುಮಾರು 9 ಟನ್. ನದಿಯ ಕೆಳಗಿನ ಗ್ರಾಸಿ ನ್ಯಾರೋಸ್, ಅನಿಶಿನಾಬೆ ಅನ್ನುವ ಮೂಲನಿವಾಸಿ ಜನರ ಊರು. ಅವರ ಊಟವೂ ಮೀನು, ದುಡಿಮೆಯೂ ಮೀನು. ಬಹಳ ಜನ ಪ್ರವಾಸಿಗಳಿಗೆ ಮೀನು ಹಿಡಿಯುವ ಜಾಗ ತೋರಿಸಿ ಸಂಸಾರ ನಡೆಸುತ್ತಿದ್ದರು. 1970ರಲ್ಲಿ ಮೀನು ವಿಷ ಅಂತ ಗೊತ್ತಾಗಿ ಮೀನುಗಾರಿಕೆ ಮುಚ್ಚಿಸಿದರು. ತಟ್ಟೆಯೂ ಖಾಲಿ, ಜೇಬೂ ಖಾಲಿ. ಜಪಾನಿನ ಮಿನಾಮಾಟಾದಲ್ಲಿ ಪಾದರಸದ ರೋಗ ನೋಡಿದ್ದ ಡಾಕ್ಟರ್ ಮಸಾಝುಮಿ ಹರಾಡ 1975ರಲ್ಲಿ ಅಲ್ಲಿಗೆ ಬಂದು ಅದೇ ಲಕ್ಷಣಗಳನ್ನು ಗುರುತಿಸಿದರು. ಅದೇ ದಶಕದಲ್ಲಿ ಈ ಮಾಲಿನ್ಯದ ಮೇಲೆ ಒಂದು ಅಧ್ಯಯನವನ್ನು ಅಚ್ಚು ಹಾಕಿಸಿ ಜನರ ಕೈಗೆ ಕೊಟ್ಟಿದ್ದು ಯಾರು ಗೊತ್ತೇ? ನಿಮ್ಮ ಮಗನ ಬಿಲ್ಲಿನಲ್ಲಿರುವ ಇದೇ ಓಪಿರ್ಗ್. ಆ ಕಾಲದ ಹುಡುಗ ಹುಡುಗಿಯರ ಚಿಲ್ಲರೆ ಕಾಸು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಜನರ ಕಾಡಿಗೆ ಮರ ಕಡಿಯುವ ಕಂಪನಿಗಳು ನುಗ್ಗಿದವು. 2002ರ ಡಿಸೆಂಬರ್‌ನಲ್ಲಿ ಊರಿನ ಎಳೆಯರು ಲಾರಿ ಹೋಗುವ ದಾರಿಗೆ ಒಂದು ಮರ ಅಡ್ಡ ಹಾಕಿದರು. ಅಲ್ಲಿಂದ ಶುರುವಾದ ತಡೆ ವರ್ಷಗಟ್ಟಲೆ ನಡೆಯಿತು, 2008ರಲ್ಲಿ ದೊಡ್ಡ ಕಂಪನಿ ಆ ಕಾಡು ಬಿಟ್ಟು ಹೋಯಿತು. ಆಮೇಲೆ ಊರಿನವರು ಸಾವಿರದೈನೂರು ಕಿಲೋಮೀಟರಿಗೂ ದೂರದ ಟೊರೊಂಟೊಗೆ ಬಂದು, ಉದ್ದನೆಯ ನೀಲಿ ಬಟ್ಟೆಯನ್ನು ನದಿಯ ಹಾಗೆ ಹಿಡಿದುಕೊಂಡು ವಿಧಾನಸಭೆಗೆ ನಡೆದರು. ಜೊತೆಗೆ ನಗರದ ವಿದ್ಯಾರ್ಥಿಗಳೂ ನಡೆದರು.

ಇಂಥ ಕೆಲಸಕ್ಕೆ ಬೇಕಾಗುವ ದುಡ್ಡು ದೊಡ್ಡದಲ್ಲ, ಆದರೆ ಅದನ್ನು ಬೇರೆ ಯಾರೂ ಕೊಡುವುದಿಲ್ಲ. ಬಸ್ ಬಾಡಿಗೆ, ಹಾಲ್ ಬಾಡಿಗೆ, ಪೋಸ್ಟರ್, ಅಡುಗೆ ಸಾಮಾನು, ದೂರದಿಂದ ಬರುವ ಹಿರಿಯರಿಗೆ ಗೌರವಧನ. ಆ ಕಡೆ ಹಿರಿಯರನ್ನು ಮಾತಿಗೆ ಕರೆಯುವಾಗ ಒಂದಿಷ್ಟು ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಡುವ ಪದ್ಧತಿ ಇದೆ, ನಾವು ಎಲೆ ಅಡಿಕೆ ಇಟ್ಟು ಕರೆಯುವಂತೆ. (ಅದಕ್ಕೆ ಜಿಎಸ್‌ಟಿ ಬಿಲ್ ಕೇಳುವವರೂ ಇರಬಹುದು, ಬಿಡಿ.) ಕಂಪನಿಗಳು ಕಂಪನಿಯ ವಿರುದ್ಧದ ಮೆರವಣಿಗೆಗೆ ಬಸ್ ಮಾಡಿಕೊಡುತ್ತವೆಯೇ? ದತ್ತಿ ಸಂಸ್ಥೆಗಳಿಗೂ ಬಹಳ ಕಾಲ ಕೈ ಕಟ್ಟಿತ್ತು. ರಾಜಕೀಯ ಅನ್ನಿಸಿಕೊಳ್ಳುವ ಕೆಲಸಕ್ಕೆ ಅವು ಸುಮಾರು 10%ಗಿಂತ ಜಾಸ್ತಿ ಖರ್ಚು ಮಾಡುವಂತಿರಲಿಲ್ಲ. 2012ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಅವುಗಳ ಲೆಕ್ಕ ಕೆದಕಲೆಂದೇ 8 ಮಿಲಿಯನ್ ಡಾಲರ್ ತೆಗೆದಿಟ್ಟಿತು. 2018ರಲ್ಲಷ್ಟೇ ಕಾನೂನು ಸಡಿಲವಾಯಿತು. ಯಾರಿಗೂ ಹೆದರಬೇಕಿಲ್ಲದ ದುಡ್ಡು ಅಂತ ಉಳಿದದ್ದು ವಿದ್ಯಾರ್ಥಿಗಳದ್ದೇ.

ಯಾರ ದುಡ್ಡು ಯಾರಿಗೆ ಅಂತ ಕೇಳಿದಿರಲ್ಲ, ಇದನ್ನೂ ಕೇಳಿ. 1784ರ ಹಾಲ್ಡಿಮಂಡ್ ಘೋಷಣೆಯಲ್ಲಿ ಬ್ರಿಟಿಷರು ಒಂಟಾರಿಯೋದ ಗ್ರ್ಯಾಂಡ್ ನದಿಯ ಎರಡೂ ದಡದ ಆರಾರು ಮೈಲಿ ಜಾಗವನ್ನು ಸಿಕ್ಸ್ ನೇಶನ್ಸ್ ಅನ್ನುವ ಮೂಲನಿವಾಸಿ ಒಕ್ಕೂಟದ ಜನರಿಗೆ ಕೊಟ್ಟರು. ಇವತ್ತು ಅವರ ಕೈಲಿರುವುದು ಅದರಲ್ಲಿ 5%ಗೂ ಕಮ್ಮಿ. ನಾನು ಮೇಲೆ ಹೇಳಿದ ವಾಟರ್ಲೂ ವಿಶ್ವವಿದ್ಯಾಲಯ ನಿಂತಿರುವುದೂ ಆ ಜಾಗದ ಮೇಲೆಯೇ. ಜಮೀನು ಮಾರಿ ಬಂದ ದುಡ್ಡು ಬ್ರಿಟಿಷ್ ಆಡಳಿತದ ಕೈಲಿ ಟ್ರಸ್ಟ್ ನಿಧಿಯಾಗಿತ್ತು. ಅದರಿಂದ 1850ರ ಸುಮಾರಿಗೆ ಮಾಂಟ್ರಿಯಲ್‌ನ ಮೆಕ್‌ಗಿಲ್ ಕಾಲೇಜಿಗೆ 8,000 ಪೌಂಡ್ ಸಾಲ ಹೋಯಿತು, ಅದು ತಮ್ಮ ಖಾತೆಗೆ ವಾಪಸ್ ಬಂದೇ ಇಲ್ಲ ಅನ್ನುತ್ತಾರೆ ಸಿಕ್ಸ್ ನೇಶನ್ಸ್‌ನವರು. ಲೆಕ್ಕ ಕೊಡಿ ಅಂತ 1995ರಲ್ಲಿ ಕೇಸೂ ಹಾಕಿದ್ದಾರೆ. ಅವರ ದುಡ್ಡಿನಲ್ಲಿ ಒಂದು ಕಾಲೇಜು ಉಸಿರಾಡಿದೆ. ಅವರಿಗೊಂದು ‘ವಾಪಸ್ ಕೊಡಿ’ ಫಾರಂ ಇರಲಿಲ್ಲ.

ನಿಮ್ಮ ಮಗನಿಗೆ ಅದು ಇದೆ. ಬಹಳ ಕ್ಯಾಂಪಸ್‌ಗಳಲ್ಲಿ ಸೆಮಿಸ್ಟರ್ ಶುರುವಾದ ಮೊದಲ ಕೆಲವು ವಾರ ಓಪಿರ್ಗ್ ಶುಲ್ಕ ಹಿಂದಕ್ಕೆ ಕೇಳಬಹುದು. ಇಲ್ಲಿ ನಾನು ನಿಮ್ಮ ಪಕ್ಷ. ಆ ಗಡುವನ್ನು ಹುಡುಕಿದರೆ ಮಾತ್ರ ಸಿಗುವ ಮೂಲೆಯಲ್ಲಿ ಬರೆದಿಟ್ಟರೆ ಅದು ಸರಿಯಲ್ಲ. ಮತದಾನಕ್ಕೆ ಬರುವ ವಿದ್ಯಾರ್ಥಿಗಳೂ ಕಮ್ಮಿ. ಹತ್ತು ಮಂದಿಯ ಉತ್ಸಾಹ ಎಲ್ಲರ ಬಿಲ್ಲಿಗೆ ಬರುತ್ತದೆ ಅನ್ನುವ ಗೊಣಗಾಟದಲ್ಲಿ ಹುರುಳಿಲ್ಲದೆ ಇಲ್ಲ. ಯಾವ ಗುಂಪಿಗೆ ಎಷ್ಟು ಕೊಟ್ಟೆವು ಅನ್ನುವುದನ್ನು ಬಿಲ್ ಕಳಿಸುವಾಗಲೇ ಜೊತೆಗೆ ಕಳಿಸಲಿ ಅನ್ನುವುದು ನನ್ನ ಅಭಿಪ್ರಾಯ.

ನಾಗರಹೊಳೆ ಪ್ರಶ್ನೆಗೆ ಬಂದರೆ, 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಜೇನುಕುರುಬ ಕುಟುಂಬಗಳು ವಾಪಸ್ ಬಂದು ಗುಡಿಸಲು ಕಟ್ಟಿದ್ದು ನಿಮಗೂ ಗೊತ್ತು. ಅವರಿಗೂ ನೆರವಾಗಿ, ಖಂಡಿತ. ಆದರೆ ಓಪಿರ್ಗ್ ಎಂಟು ಡಾಲರ್ ವಾಪಸ್ ಬಂದರೆ ಅದು ನಾಗರಹೊಳೆಗೆ ಹೋಗುತ್ತದೆ ಅಂತ ನಾವಿಬ್ಬರೂ ನಂಬುವುದು ಬೇಡ. ಮಗ ಓದುತ್ತಿರುವುದು ಅಲ್ಲಿ, ಕುಡಿಯುವ ನೀರು ಅಲ್ಲಿಯದು. ಬಸ್ಸಿನಲ್ಲಿ ಯಾರಾದರೂ ‘ನಿಮ್ಮ ದೇಶಕ್ಕೆ ಹೋಗು’ ಅಂದರೆ ಅವನ ಜೊತೆ ನಿಲ್ಲುವವರೂ ಇಂಥ ಗುಂಪಿನ ಹುಡುಗರೇ ಇರಬಹುದು. ಈಚೆಗೆ ಭಾರತದ ವಿದ್ಯಾರ್ಥಿಗಳು ಅಲ್ಲಿ ಅಂಥ ಮಾತು ಜಾಸ್ತಿ ಕೇಳುತ್ತಿದ್ದಾರೆ.

ವೀಸಾ. ಎಲ್ಲರ ಬಿಲ್ಲಿನಲ್ಲೂ ಇರುವ ಶುಲ್ಕ ಕಟ್ಟಿದ್ದಕ್ಕೆ ಯಾರಿಗೂ ವೀಸಾ ಹೋಗುವುದಿಲ್ಲ, ವಾಪಸ್ ಕೇಳಿದ್ದಕ್ಕೂ ಹೋಗುವುದಿಲ್ಲ. ಮೆರವಣಿಗೆಯಲ್ಲಿ ನಡೆಯುವುದು ಅಲ್ಲಿ ಕಾನೂನಿಗೆ ಒಪ್ಪಿತವಾದ ಸಂಗತಿ. ಕೋರ್ಟು ತಡೆಯಾಜ್ಞೆ ಕೊಟ್ಟ ರಸ್ತೆ ತಡೆ, ರೈಲು ತಡೆಗೆ ಹೋಗಿ ಅರೆಸ್ಟ್ ಆಗುವುದು ಬೇರೆ. ಅಲ್ಲಿ ಹೊರದೇಶದ ವಿದ್ಯಾರ್ಥಿಗೆ ಅಪಾಯ ಜಾಸ್ತಿ, ಅವನು ಮೊದಲು ವಕೀಲರನ್ನು ಕೇಳಬೇಕು. ಇಟ್ಟುಕೊಳ್ಳುವುದೋ ವಾಪಸ್ ಕೇಳುವುದೋ ಅಂತ ಅವನೇ ತೀರ್ಮಾನ ಮಾಡಲಿ ಮೇಷ್ಟ್ರೇ, ಓಪಿರ್ಗ್ ಕಚೇರಿಗೆ ಹೋದ ದಿನ ಈ ವರ್ಷದ ಖರ್ಚಿನ ಪಟ್ಟಿ ತೋರಿಸಿ ಅಂತ ಕೇಳಿಬಿಡಲಿ.