ಮೊನಾರ್ಕ್ ಚಿಟ್ಟೆ, ಮಿಲ್ಕ್‌ವೀಡ್ ಗಿಡ: ಅಪಾಯ ಯಾವುದಕ್ಕೆ?

ಪ್ರಶ್ನೆ: ಪ್ರಾಜೆಕ್ಟ್‌ಗೆ ಒಂದು ಹೂಗಿಡ, ಒಂದು ಕೀಟ ಹೋಲಿಸಬೇಕು. ಉತ್ತರ ಅಮೆರಿಕದ ಮಿಲ್ಕ್‌ವೀಡ್ ಮತ್ತು ಮೊನಾರ್ಕ್ ಚಿಟ್ಟೆ ಆರಿಸಿದ್ದೇನೆ. ವರ್ಗೀಕರಣದಲ್ಲಿ ಇವು ಎಲ್ಲಿ ಬೇರೆಯಾಗುತ್ತವೆ? ಚಿಟ್ಟೆಗೆ ಅಪಾಯ ಅಂದರೆ ಗಿಡಕ್ಕೂ ಅಪಾಯ ಅಲ್ವಾ?

ಉತ್ತರ: ಬೇರೆಯಾಗುವುದು ಸಾಮ್ರಾಜ್ಯದ ಹಂತದಲ್ಲೇ. ಒಂದು ಸಸ್ಯ, ಇನ್ನೊಂದು ಪ್ರಾಣಿ. ಅಲ್ಲಿಂದ ಕೆಳಗೆ ಎಲ್ಲೂ ಸೇರುವುದಿಲ್ಲ. ಗಿಡ ಆಸ್ಕ್ಲಿಪಿಯಸ್ ಸಿರಿಯಾಕಾ, ಕುಟುಂಬ ಅಪೊಸೈನೇಸಿ, ಅಂದರೆ ಎಕ್ಕದ ಬಳಗ. ಹಳೆಯ ಪುಸ್ತಕಗಳಲ್ಲಿ ಆಸ್ಕ್ಲಿಪಿಯಡೇಸಿ ಅಂತ ಬೇರೆ ಕುಟುಂಬ ಕಾಣಿಸಿದರೆ ಗಾಬರಿ ಬೇಡ, ಅದನ್ನೀಗ ಇದರೊಳಗೇ ಸೇರಿಸಿದ್ದಾರೆ. ಚಿಟ್ಟೆ ಡನಾಸ್ ಪ್ಲೆಕ್ಸಿಪಸ್: ಸಂಧಿಪದಿ ವಂಶ, ಕೀಟ ವರ್ಗ, ಲೆಪಿಡಾಪ್ಟೆರಾ ಗಣ, ನಿಂಫಾಲಿಡೇ ಕುಟುಂಬ.

ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ, ಹಾಗೇನೂ ಇಲ್ಲ. ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ತಯಾರಿಸುವ, ಜೀವಿಗಳ ಅಳಿವಿನ ಅಪಾಯ ತಿಳಿಸುವ ಕೆಂಪು ಪಟ್ಟಿ ವಲಸೆ ಹೋಗುವ ಮೊನಾರ್ಕ್ ಉಪಪ್ರಭೇದವನ್ನು 2022ರಲ್ಲಿ 'ಅಳಿವಿನಂಚಿನಲ್ಲಿರುವ' ಗುಂಪಿಗೆ ಸೇರಿಸಿತು, 2023ರಲ್ಲಿ ಲೆಕ್ಕ ಮರುಪರಿಶೀಲಿಸಿ ಅದಕ್ಕಿಂತ ಒಂದು ಹಂತ ಕಡಿಮೆ ಅಪಾಯದ 'ದುರ್ಬಲ' ಗುಂಪಿಗೆ ಇಳಿಸಿತು. ಉಪಪ್ರಭೇದ ಅನ್ನುವುದನ್ನು ಮರೆಯದೆ ಬರೆಯಿರಿ, ಯಾಕೆಂದರೆ ಮೊನಾರ್ಕ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲೂ ಇದೆ. ಗಿಡದ ಕಥೆಯೇ ಬೇರೆ. ಅದು ತನ್ನ ನಾಡಿನಲ್ಲಿ ಸಾಮಾನ್ಯ ಗಿಡ, ಯುರೋಪಿನಲ್ಲಂತೂ ಹತೋಟಿ ತಪ್ಪಿ ಹಬ್ಬಿ 2017ರಲ್ಲಿ ಐರೋಪ್ಯ ಒಕ್ಕೂಟದ ಆಕ್ರಮಣಕಾರಿ ಪ್ರಭೇದಗಳ ಪಟ್ಟಿ ಸೇರಿತು.

ಹಾಗಾದರೆ ಚಿಟ್ಟೆ ಯಾಕೆ ಕುಸಿಯಿತು? ಅದರ ಹುಳು ಮಿಲ್ಕ್‌ವೀಡ್ ಬಳಗದ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಎಲೆ ಮುರಿದರೆ ಅಂಟಂಟಾದ ಬಿಳಿ ಹಾಲು ಸುರಿಯುತ್ತದೆ. ಕಪ್ಪು, ಹಳದಿ, ಬಿಳಿ ಪಟ್ಟೆಯ ಬಲಿತ ಹುಳು ಮೊದಲು ಎಲೆಯ ನಡುನರವನ್ನೇ ಕಚ್ಚಿ ಹಾಲು ಬರದಂತೆ ಮಾಡಿಕೊಳ್ಳುತ್ತದೆ, ಆಮೇಲೆ ತುದಿಯನ್ನು ಆರಾಮಾಗಿ ಮೇಯುತ್ತದೆ. ಗಿಡದ ವಿಷ ಮೈಯಲ್ಲೇ ಉಳಿಯುವುದರಿಂದ ಹಕ್ಕಿಗಳೂ ಅದರ ತಂಟೆಗೆ ಜಾಸ್ತಿ ಬರುವುದಿಲ್ಲ. ಇಷ್ಟು ಬಿಗಿಯಾಗಿ ಒಂದೇ ಬಳಗವನ್ನು ನಂಬಿದ ಜೀವಕ್ಕೆ, ಅಮೆರಿಕದ ಮೆಕ್ಕೆಜೋಳ, ಸೋಯಾ ಹೊಲಗಳಲ್ಲಿ ಕಳೆನಾಶಕ ಹೊಡೆದು ಆ ಗಿಡವನ್ನೇ ತೆಗೆದುಬಿಟ್ಟರೆ ಮೊಟ್ಟೆ ಇಡಲು ಜಾಗ ಎಲ್ಲಿ? ಗಿಡ ರಸ್ತೆಬದಿಯಲ್ಲಿ ಬದುಕಿಕೊಳ್ಳುತ್ತದೆ, ಬೇರಿನಿಂದಲೂ ಚಿಗುರುತ್ತದೆ. ಚಿಟ್ಟೆಗೆ ಮಾತ್ರ ಚಳಿಗಾಲ ಕಳೆಯುವ ಮೆಕ್ಸಿಕೋದ ಕಾಡೂ ಕಡಿಮೆಯಾಗಿದೆ.

ನಿಮ್ಮ ಕೋಷ್ಟಕದಲ್ಲಿ ವರ್ಗೀಕರಣ, ಸಂರಕ್ಷಣಾ ಸ್ಥಿತಿ ಜೊತೆಗೆ 'ಯಾವುದನ್ನು ಅವಲಂಬಿಸಿದೆ' ಅನ್ನುವ ಸಾಲನ್ನೂ ಸೇರಿಸಿ. ಸ್ಥಿತಿಯ ಪಕ್ಕದಲ್ಲಿ ವರ್ಷ ಹಾಕುವುದು ಕಡ್ಡಾಯ.