ಟೋಕಿಯೊದ ನಾಲ್ಕನೇ ಸ್ಥಾನ ಬಿಟ್ಟರೆ ಅದಿತಿ ಅಶೋಕ್ ಗೆದ್ದದ್ದಾದರೂ ಏನು?

ನಿಮ್ಮ ಪ್ರಶ್ನೆ ಇಷ್ಟು: ಪುಣೆಯ ನಿಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು "ನಿಮ್ಮ ಬೆಂಗಳೂರಿನ ಹುಡುಗಿ ಒಲಿಂಪಿಕ್ಸ್‌ನಲ್ಲಿ ಒಂದು ಸಲ ಮಿಂಚಿದಳು, ಆಮೇಲೆ ಪತ್ತೆಯೇ ಇಲ್ಲ" ಅಂದರು. ನಿಮಗೆ ಉತ್ತರ ಹೊಳೆಯಲಿಲ್ಲ. ಗಾಲ್ಫ್ ಆಟಗಾರ್ತಿ ಅದಿತಿ ನಿಜಕ್ಕೂ ಏನೇನು ಗೆದ್ದಿದ್ದಾರೆ, ಅಮೆರಿಕದ ಟೂರ್‌ನಲ್ಲಿ, ಅಂದರೆ ಅಲ್ಲಿನ ವೃತ್ತಿಪರ ಟೂರ್ನಿಗಳ ಸರಣಿಯಲ್ಲಿ, ಯಾಕೆ ಗೆದ್ದಿಲ್ಲ ಅಂತ ಕೇಳಿದ್ದೀರಿ.

ಮೊದಲು ಲೆಕ್ಕ ಕೊಟ್ಟುಬಿಡುತ್ತೇನೆ. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಐದು ಪ್ರಶಸ್ತಿ. ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ. ರಿಯೊ, ಟೋಕಿಯೊ, ಪ್ಯಾರಿಸ್ ಹೀಗೆ ಮೂರು ಒಲಿಂಪಿಕ್ಸ್. ಅಮೆರಿಕದ ಎಲ್‌ಪಿಜಿಎ ಟೂರ್‌ನಲ್ಲಿ ಪ್ಲೇಆಫ್‌ವರೆಗೆ (ಸಮನಾದವರ ನಡುವಿನ ನಿರ್ಣಾಯಕ ಆಟದವರೆಗೆ) ಹೋಗಿ ಕೈತಪ್ಪಿದ ಒಂದು ಟೂರ್ನಿ. 2024ರ ಕೊನೆಯವರೆಗೆ ಎಲ್‌ಪಿಜಿಎ ಪ್ರಶಸ್ತಿ ಇಲ್ಲ. ಅದು ನಿಜವಾದ ಕೊರತೆಯೇ, ಮುಚ್ಚಿಡುವುದು ಬೇಡ. ಆದರೆ ಗೆದ್ದದ್ದಕ್ಕೂ ಗೆಲ್ಲದೇ ಇದ್ದದ್ದಕ್ಕೂ ಕಾರಣ ಹೆಚ್ಚುಕಡಿಮೆ ಒಂದೇ ಅಂತ ನನ್ನ ಅನಿಸಿಕೆ. ಅದಿತಿಯ ಡ್ರೈವ್ (ಹೋಲ್‌ನ ಮೊದಲ ಉದ್ದ ಹೊಡೆತ) ದೂರ ಹೋಗುವುದಿಲ್ಲ, ಪಟ್ (ಕೊನೆಗೆ ಚೆಂಡನ್ನು ಗುಂಡಿಯತ್ತ ಉರುಳಿಸುವ ಹೊಡೆತ) ಮಾತ್ರ ಬೇರೆಯವರಿಗಿಂತ ಹೆಚ್ಚು ಬೀಳುತ್ತದೆ.

ಇದನ್ನೆಲ್ಲ ಹೇಳಲು ನಾನು ಯಾರು ಅಂದರೆ, ದೊಡ್ಡ ಆಟಗಾರನೇನಲ್ಲ. ಚೆಂಬೂರಿನಲ್ಲಿರುವವನು. ಇಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇದೆ, ಅದರ ಸದಸ್ಯನಾಗುವಷ್ಟು ಜೇಬು ನನಗಿಲ್ಲ. ಕರ್ನಾಟಕ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದ ನಾಲ್ಕು ಜನ ಸೇರಿ ಖಾರ್‌ಘರ್‌ನ ಸಿಡ್ಕೊ ಕೋರ್ಸ್‌ಗೆ ಆಗಾಗ ಹೋಗುತ್ತೇವೆ, ಅಷ್ಟೇ. ಅದಿತಿಯ ಆಟವನ್ನು ಮಾತ್ರ ಅವರು ಹವ್ಯಾಸಿಯಾಗಿದ್ದ ಕಾಲದಿಂದ ಗಮನಿಸುತ್ತ ಬಂದಿದ್ದೇನೆ.

ಅದಿತಿ ಹುಟ್ಟಿದ್ದು 1998ರಲ್ಲಿ, ಬೆಂಗಳೂರಿನಲ್ಲಿ. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಡ್ರೈವಿಂಗ್ ರೇಂಜ್ (ಹೊಡೆತ ಅಭ್ಯಾಸ ಮಾಡುವ ಜಾಗ) ಕಾಣುವ ಒಂದು ರೆಸ್ಟೋರೆಂಟ್‌ಗೆ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದ ಐದು ವರ್ಷದ ಮಗುವಿಗೆ ಅಲ್ಲೇನು ನಡೆಯುತ್ತಿದೆ ಅಂತ ಕುತೂಹಲ ಹುಟ್ಟಿತು, ಒಳಗೆ ಕರೆದುಕೊಂಡು ಹೋದರು. ಅಲ್ಲಿಂದ ಮುಂದಿನದು ಓಟ. 13ನೇ ವಯಸ್ಸಿಗೆ, 2011ರಲ್ಲಿ, ರಾಷ್ಟ್ರೀಯ ಹವ್ಯಾಸಿ ಪ್ರಶಸ್ತಿ. ಏಷ್ಯನ್ ಯೂತ್ ಗೇಮ್ಸ್, ಯೂತ್ ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಒಂದರ ಹಿಂದೆ ಒಂದು ಆಡಿದರು. 2015ರಲ್ಲಿ ಬ್ರಿಟನ್ನಿನ ಮಹಿಳಾ ಹವ್ಯಾಸಿ ಸ್ಟ್ರೋಕ್ ಪ್ಲೇ ಚಾಂಪಿಯನ್‌ಷಿಪ್ ಗೆದ್ದರು. ಅದೇ ಡಿಸೆಂಬರ್‌ನಲ್ಲಿ ಮೊರಾಕ್ಕೊದ ಲಲ್ಲಾ ಆಯಿಶಾ ಟೂರ್ ಸ್ಕೂಲ್‌ನಲ್ಲಿ ಮೊದಲ ಸ್ಥಾನ ಪಡೆದು ಯುರೋಪಿಯನ್ ಟೂರ್‌ನ ಕಾರ್ಡ್ ಗಳಿಸಿದರು. ಟೂರ್ ಸ್ಕೂಲ್ ಅಂದರೆ ಪಾಠಶಾಲೆ ಅಲ್ಲ, ಅರ್ಹತಾ ಟೂರ್ನಿ. ಅಲ್ಲಿ ಆಡಿ ಮೇಲೆ ಬಂದವರಿಗೆ ಮುಂದಿನ ವರ್ಷ ಟೂರ್‌ನಲ್ಲಿ ಆಡುವ ಹಕ್ಕು. 2016ರ ಜನವರಿ 1ಕ್ಕೆ ವೃತ್ತಿಪರ ಆಟಗಾರ್ತಿಯಾದರು.

ಆ 2016 ಎಂಥ ವರ್ಷ ನೋಡಿ. ಶಾಲೆ ಮುಗಿಸಿದ್ದು ಅದೇ ವರ್ಷ. 1904ರ ನಂತರ ಮೊದಲ ಸಲ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದ್ದು ಅದೇ ವರ್ಷ, ರಿಯೊದಲ್ಲಿ. 18 ವರ್ಷದ ಅದಿತಿಯ ಬ್ಯಾಗು ಹೊತ್ತು ನಡೆದವರು ಅವರ ಅಪ್ಪ. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು; ಮೊದಲೆರಡು ದಿನ 68, 68 ಹೊಡೆದು ಮೊದಲ ಹತ್ತರೊಳಗೆ ಇದ್ದರು. ಮುಂದೆ 79, 76 ಆಗಿ 41ನೇ ಸ್ಥಾನಕ್ಕೆ ಇಳಿದರು. ನವೆಂಬರ್‌ನಲ್ಲಿ ಗುರ್‌ಗಾಂವ್‌ನಲ್ಲಿ ಮಹಿಳಾ ಇಂಡಿಯನ್ ಓಪನ್ ಅನ್ನು ಒಂದೇ ಹೊಡೆತದಿಂದ ಗೆದ್ದರು. ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಭಾರತದವರೊಬ್ಬರು ಗೆದ್ದದ್ದು ಅದೇ ಮೊದಲು. ಹದಿನೈದು ದಿನ ಕಳೆಯುವುದರೊಳಗೆ ದೋಹಾದಲ್ಲಿ ಕತಾರ್ ಓಪನ್ ಕೂಡ ಗೆದ್ದರು. ವರ್ಷದ ಕೊನೆಗೆ ಆ ಟೂರ್‌ನ ಆರ್ಡರ್ ಆಫ್ ಮೆರಿಟ್‌ನಲ್ಲಿ (ವರ್ಷದ ಒಟ್ಟು ಸಾಧನೆಯ ಪಟ್ಟಿಯಲ್ಲಿ) ಎರಡನೇ ಸ್ಥಾನ, ವರ್ಷದ ಹೊಸ ಆಟಗಾರ್ತಿ ಪ್ರಶಸ್ತಿ. 2017ರಲ್ಲಿ ಅಬುಧಾಬಿಯಲ್ಲಿ ಮೂರನೇ ಗೆಲುವು. ಆ ವರ್ಷದಿಂದಲೇ ಎಲ್‌ಪಿಜಿಎ ಆಡಲು ಶುರುಮಾಡಿದರು. ಅಂದರೆ ನಿಮ್ಮ ಸಹೋದ್ಯೋಗಿ ಅವರ ಹೆಸರು ಕೇಳುವ ಹೊತ್ತಿಗೆ ಮೂರು ಪ್ರಶಸ್ತಿ ಮನೆ ಸೇರಿ ವರ್ಷಗಳೇ ಆಗಿದ್ದವು.

ಕ್ರಿಕೆಟ್ ಕಣ್ಣಿನಲ್ಲಿ ನೋಡುವ ನಮಗೆ ಐದು ಗೆಲುವು ಸಣ್ಣದೆನಿಸಬಹುದು. ಎರಡು ತಂಡಗಳ ಆಟದಲ್ಲಿ ಅರ್ಧ ಸಲ ಗೆಲ್ಲಬಹುದು. ಗಾಲ್ಫ್‌ನಲ್ಲಿ ವಾರಕ್ಕೆ ನೂರಕ್ಕೂ ಹೆಚ್ಚು ಜನ ಇಳಿಯುತ್ತಾರೆ, ಎಲ್‌ಪಿಜಿಎಯಲ್ಲಿ ಸಾಮಾನ್ಯವಾಗಿ ಎರಡು ದಿನ ಆದಮೇಲೆ ಅರ್ಧದಷ್ಟು ಜನ ಕಟ್ ಆಗಿ ಮನೆಗೆ ಹೋಗುತ್ತಾರೆ, ಗೆಲ್ಲುವವರು ಒಬ್ಬರು. ಹತ್ತು ವರ್ಷ ಟೂರ್‌ನಲ್ಲಿ ಉಳಿದು ಒಂದೂ ಗೆಲ್ಲದೆ ನಿವೃತ್ತರಾದ ಒಳ್ಳೊಳ್ಳೆಯ ಆಟಗಾರರು ಬೇಕಾದಷ್ಟಿದ್ದಾರೆ.

ಇನ್ನು ಟೋಕಿಯೊ. ಆಗ ಅದಿತಿಯ ವಿಶ್ವ ರ‍್ಯಾಂಕಿಂಗ್ 200. ಕೆಲವೇ ತಿಂಗಳ ಹಿಂದೆ ಕೋವಿಡ್ ಬಂದು ಮೈಯಲ್ಲಿ ಶಕ್ತಿ ಕುಂದಿತ್ತು, ಮೊದಲೇ ಕಡಿಮೆ ಇದ್ದ ದೂರ ಇನ್ನೂ ಕಡಿಮೆಯಾಗಿತ್ತು. ಕಾಸುಮಿಗಸೆಕಿ ಕೋರ್ಸ್ ಮಹಿಳೆಯರಿಗೂ 6,600 ಗಜ ದಾಟುತ್ತಿತ್ತು. ಈ ಸಲ ಬ್ಯಾಗು ಅಮ್ಮನ ಹೆಗಲಿಗೆ. 67, 66, 68: ಮೂರು ದಿನ ಮುಗಿದಾಗ ಒಬ್ಬರೇ ಎರಡನೇ ಸ್ಥಾನದಲ್ಲಿ, ಮುಂದಿದ್ದ ಅಮೆರಿಕದ ನೆಲ್ಲಿ ಕೋರ್ಡಾಗಿಂತ ಮೂರು ಹೊಡೆತ ಹಿಂದೆ.

2021ರ ಆಗಸ್ಟ್ 7, ಶನಿವಾರ. ಬೆಳಗಿನ ಜಾವ ಅಲಾರಂ ಇಟ್ಟುಕೊಂಡು ಗಾಲ್ಫ್ ನೋಡಿದ ಜನ ಈ ದೇಶದಲ್ಲಿ ಅದಕ್ಕೆ ಮೊದಲು ಎಷ್ಟಿದ್ದರೋ ಕಾಣೆ. ನಮ್ಮ ಕಟ್ಟಡದಲ್ಲಿ ಬರ್ಡಿಗೂ (ಪಾರ್‌ಗಿಂತ, ಅಂದರೆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ, ಒಂದು ಕಡಿಮೆ) ಬೋಗಿಗೂ (ಒಂದು ಹೆಚ್ಚು) ವ್ಯತ್ಯಾಸ ತಿಳಿಯದವರು ಕೂಡ ಟಿವಿ ಮುಂದೆ ಕೂತಿದ್ದರು, ಹೋಲ್ ಹೋಲ್‌ಗೂ ನನಗೆ ಫೋನ್ ಬರುತ್ತಿತ್ತು. ಕೊನೆಯ ಗುಂಪಿನಲ್ಲಿ ಕೋರ್ಡಾ, ನ್ಯೂಜಿಲೆಂಡಿನ ಲಿಡಿಯಾ ಕೋ, ಅದಿತಿ. ಟೀಯಿಂದ (ಹೋಲ್ ಶುರುವಾಗುವ ಜಾಗದಿಂದ) ಮೂವರೂ ಹೊಡೆದಮೇಲೆ ಫೇರ್‌ವೇಯಲ್ಲಿ (ಗುಂಡಿಯ ಕಡೆಗಿನ ಹುಲ್ಲುದಾರಿಯಲ್ಲಿ) ಮೊದಲು ನಿಲ್ಲಬೇಕಾದವರು ಅದಿತಿಯೇ, ಕೋರ್ಡಾ ಇನ್ನೂ ಎಷ್ಟೋ ಮುಂದೆ ನಡೆದುಹೋಗಬೇಕು. ಹಾಗಿದ್ದೂ ಗ್ರೀನ್ (ಗುಂಡಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ತಲುಪಿದಮೇಲೆ ಲೆಕ್ಕ ಸಮವಾಗುತ್ತಿತ್ತು. ಐದು ಬರ್ಡಿ, ಎರಡು ಬೋಗಿ, ಒಟ್ಟು 68. ನಡುವೆ ಗುಡುಗು ಮಳೆಗೆ ಆಟ ನಿಂತು ಮತ್ತೆ ಶುರುವಾಯಿತು. 18ನೇ ಹೋಲ್‌ನಲ್ಲಿ ದೂರದ ಬರ್ಡಿ ಪಟ್ ಬಿದ್ದಿದ್ದರೆ ಪದಕದ ಪ್ಲೇಆಫ್ ಇತ್ತು, ಬೀಳಲಿಲ್ಲ. 17 ಅಂಡರ್‌ಗೆ, ಅಂದರೆ ನಾಲ್ಕು ದಿನದ ಒಟ್ಟು ಪಾರ್‌ಗಿಂತ 17 ಹೊಡೆತ ಕಡಿಮೆಗೆ, ಕೋರ್ಡಾ ಚಿನ್ನ ಪಡೆದರು. 16 ಅಂಡರ್‌ನಲ್ಲಿ ಸಮನಾಗಿದ್ದ ಇಬ್ಬರಲ್ಲಿ ಜಪಾನಿನ ಮೋನೆ ಇನಾಮಿ ಪ್ಲೇಆಫ್ ಗೆದ್ದು ಬೆಳ್ಳಿ, ಕೋಗೆ ಕಂಚು. ಅದಿತಿ 15 ಅಂಡರ್. ನಾಲ್ಕು ದಿನದಲ್ಲಿ 269 ಹೊಡೆತ, ಪದಕ ತಪ್ಪಿದ್ದು ಒಂದರಲ್ಲಿ. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದದ್ದರಿಂದ ಮರುದಿನದ ಪತ್ರಿಕೆಗಳಲ್ಲಿ ಅದಿತಿಗೆ ಸಿಕ್ಕ ಜಾಗ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

ದೂರ ಹೋಗದಿದ್ದರೆ ನಷ್ಟ ಏನು ಅಂತ ನೀವು ಕೇಳಬಹುದು. 400 ಗಜದ ಪಾರ್-4 ಹೋಲ್ ಇದೆ ಅಂದುಕೊಳ್ಳಿ. 270 ಗಜ ಹೊಡೆದವರಿಗೆ ಉಳಿಯುವುದು 130; ಸಣ್ಣ ಐರನ್ ಕೋಲು ತೆಗೆದು ಮೇಲಕ್ಕೆತ್ತಿ ಹೊಡೆದರೆ ಚೆಂಡು ನೆಟ್ಟಗೆ ಇಳಿದು ಬಿದ್ದಲ್ಲೇ ನಿಲ್ಲುತ್ತದೆ. 230 ಹೊಡೆದವರಿಗೆ 170 ಉಳಿಯುತ್ತದೆ. ದೂರ ಹೊಡೆಯುವ ಹೈಬ್ರಿಡ್ ಕೋಲು ಬೇಕು, ಚೆಂಡು ತಗ್ಗಾಗಿ ಬಂದು ಓಡುತ್ತದೆ, ಗ್ರೀನ್ ಗಟ್ಟಿಯಿದ್ದರೆ ಆಚೆ ದಾಟಿಯೂ ಹೋಗುತ್ತದೆ. ಹಾಗಾಗಿ ಮೊದಲ ಪಟ್ ಉದ್ದವಾಗುತ್ತದೆ. ಒಂದು ಹೋಲ್‌ನಲ್ಲಿ ಇದು ಏನೂ ಅಲ್ಲ. 72 ಹೋಲ್‌ಗಳಲ್ಲಿ, ಅದೂ ವರ್ಷವಿಡೀ, ಕೂಡಿಕೊಂಡು ದೊಡ್ಡದಾಗುತ್ತದೆ.

ನಮ್ಮ ನಾಲ್ವರಲ್ಲಿ ಕುಂದಾಪುರ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ. ಅವರ ಡ್ರೈವ್ ನಮ್ಮೆಲ್ಲರಿಗಿಂತ ಹಿಂದೆ ಬಿದ್ದಿರುತ್ತದೆ, ಯಾವಾಗಲೂ ನಡುಮಧ್ಯದಲ್ಲೇ. ಬ್ಯಾಗಿನಲ್ಲಿ ಅತಿ ಹೆಚ್ಚು ಸವೆದಿರುವುದು ಹೈಬ್ರಿಡ್ಡಿನ ಮುಖ, ಗೆರೆಗಳೇ ಅಳಿಸಿಹೋಗಿವೆ. ಗ್ರೀನ್‌ಗೆ ಬಂದಕೂಡಲೇ ಮನುಷ್ಯ ಬೇರೆಯಾಗುತ್ತಾರೆ. ಕನ್ನಡಕ ಹಣೆಗೇರಿಸಿ, ಮಂಡಿ ನೋವು ಅಂತ ಗೊಣಗುತ್ತಲೇ ಚೆಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಗುಂಡಿಯ ಆಚೆ ಬದಿಗೂ ಹೋಗಿ ಇಳಿಜಾರು ನೋಡಿ, ಒಂದೇ ಒಂದು ಸಲ ಪಟರ್ ಆಡಿಸಿ ತಳ್ಳುತ್ತಾರೆ. "ದೂರ ಹೊಡ್ದ್ರೆ ಆಯ್ತಾ ಮಾರ್ರೆ, ಗುಂಡಿಗ್ ಬೀಳ್ಕಲ್ದಾ?" ಅನ್ನುತ್ತ ನಮ್ಮ ದುಡ್ಡಿನ ಬಟಾಟೆ ವಡೆ ತಿನ್ನುವವರು ಅವರೇ. ಆದರೆ ಇದು ನಮ್ಮಂಥವರ ಎದುರು ನಡೆಯುತ್ತದೆ. ದೂರವೂ ಹೊಡೆದು ಪಟ್ಟನ್ನೂ ಬೀಳಿಸುವ ಕೋರ್ಡಾ ಥರದವರು ಪ್ರತಿ ವಾರ ಹತ್ತಾರು ಜನ ಎದುರಿಗಿದ್ದರೆ ಬರೀ ಪಟ್ಟಿಂಗ್ ನಂಬಿಕೊಂಡು ಭಾನುವಾರ ಸಂಜೆ ಮೊದಲ ಸ್ಥಾನದಲ್ಲಿ ನಿಲ್ಲುವುದು ಕಷ್ಟ. ಎಲ್‌ಪಿಜಿಎ ಗೆಲುವು ಇಲ್ಲದಿರುವುದಕ್ಕೆ ನನಗೆ ಕಾಣುವ ಕಾರಣ ಇದು.

ಅದಿತಿ ಕೂಡ ಸುಮ್ಮನೆ ಕೂರಲಿಲ್ಲ. ಟೋಕಿಯೊ ಆದಮೇಲೆ ದೂರ ಹೆಚ್ಚಿಸಿಕೊಳ್ಳಲು ಕೆಲಸ ಮಾಡಿದರು, ಫಲ ಕಂಡದ್ದು 2023ರಲ್ಲಿ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ವರ್ಷ 2021 ಅಲ್ಲ, ಇದೇ. ಫೆಬ್ರವರಿಯಲ್ಲಿ ಕೆನ್ಯಾ ಕರಾವಳಿಯ ವಿಪಿಂಗೊ ರಿಜ್‌ನಲ್ಲಿ ಕೆನ್ಯಾ ಲೇಡೀಸ್ ಓಪನ್ ಗೆದ್ದರು, ಐದು ವರ್ಷದ ಬರ ಮುರಿದದ್ದು ಹಾಗೆ. ಗೆದ್ದ ಅಂತರ ಒಂಬತ್ತು ಹೊಡೆತ. ಅದರ ಬೆನ್ನಿಗೇ ಸೌದಿಯ ದೊಡ್ಡ ಬಹುಮಾನದ ಟೂರ್ನಿಯಲ್ಲಿ ಲಿಡಿಯಾ ಕೋಗೆ ಒಂದೇ ಹೊಡೆತದಿಂದ ಸೋತು ಎರಡನೆಯವರಾದರು. ಏಪ್ರಿಲ್ 30ಕ್ಕೆ ಲಾಸ್ ಏಂಜಲಿಸ್‌ನ ವಿಲ್‌ಷೈರ್ ಕ್ಲಬ್ಬಿನಲ್ಲಿ ಎಲ್‌ಪಿಜಿಎ ಪ್ರಶಸ್ತಿ ಕೈಗೆಟುಕುವಷ್ಟು ಹತ್ತಿರ ಬಂತು: ಆಸ್ಟ್ರೇಲಿಯಾದ ಹನ್ನಾ ಗ್ರೀನ್, ಚೀನಾದ ಲಿನ್ ಶಿಯು, ಅದಿತಿ ಮೂವರೂ ಸಮ. ಪ್ಲೇಆಫ್‌ನ ಮೊದಲ ಹೋಲ್‌ನಲ್ಲೇ ಅದಿತಿ ಹೊರಬಿದ್ದರು, ಎರಡನೆಯದರಲ್ಲಿ ಗ್ರೀನ್ ಗೆದ್ದರು.

ಆಮೇಲೆ ಹಾಂಗ್‌ಝೌ. ಇದನ್ನು ನೆನೆದರೆ ನನಗೆ ಟೋಕಿಯೊಗಿಂತ ಹೆಚ್ಚು ಸಂಕಟ. ಏಷ್ಯನ್ ಗೇಮ್ಸ್‌ನ ಮೂರನೇ ದಿನ 61 ಹೊಡೆದರು, ಏಳು ಹೊಡೆತದ ಮುನ್ನಡೆ. ಚಿನ್ನ ಕೊರಳಿಗೆ ಬಿದ್ದಂತೆಯೇ ಅಂತ ನಾವೆಲ್ಲ ಅಂದುಕೊಂಡೆವು. ಕೊನೆಯ ದಿನ 77. ಒಂದು ದಿನಕ್ಕೂ ಮರುದಿನಕ್ಕೂ 16 ಹೊಡೆತದ ವ್ಯತ್ಯಾಸ! ಥಾಯ್ಲೆಂಡಿನ ಅರ್ಪಿಚಾಯ ಯುಬೋಲ್ ಎರಡು ಹೊಡೆತದಿಂದ ಚಿನ್ನ ಒಯ್ದರು. ಇಲ್ಲಿ ನನ್ನ ದೂರದ ಸಿದ್ಧಾಂತ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಕೋರ್ಸ್ ಅದೇ, ಎದುರಾಳಿಗಳೂ ಅವರೇ. ಏಳು ಹೊಡೆತ ಮುಂದಿರುವವರು ಗೆಲ್ಲಲು ಆಡುವುದನ್ನು ಬಿಟ್ಟು ಕಳೆದುಕೊಳ್ಳದಿರಲು ಆಡತೊಡಗುತ್ತಾರೆ ಅಂತ ಹಳೆಯ ಆಟಗಾರರು ಹೇಳುವುದುಂಟು; ಅದೇ ಆಯಿತೇನೋ. ಹಾಗಿದ್ದರೂ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಆ ಬೆಳ್ಳಿ. ಎರಡು ತಿಂಗಳೊಳಗೆ ಸ್ಪೇನಿಗೆ ಹೋಗಿ ಸ್ಪ್ಯಾನಿಷ್ ಓಪನ್ ಗೆದ್ದರು, ಐದನೇ ಪ್ರಶಸ್ತಿ. ಮನಸ್ಸು ಮುರಿದವರು ಮಾಡುವ ಕೆಲಸ ಅಲ್ಲ ಅದು. ಪ್ಯಾರಿಸ್‌ನಲ್ಲಿ 29ನೇ ಸ್ಥಾನ ಹಂಚಿಕೊಂಡರು, ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ.

ನಿಮ್ಮ ಸಹೋದ್ಯೋಗಿ ಪುಣೆಯ ಅಭಿಮಾನದವರಾದರೆ ಇನ್ನೊಂದು ಮಾತು ಹೇಳಿ. ಗಾಲ್ಫ್ ಆಟಗಾರ ಅನಿರ್ಬಾನ್ ಲಾಹಿರಿ ಹುಟ್ಟಿದ್ದು ಪುಣೆಯಲ್ಲೇ. 2015ರಲ್ಲಿ ಯುರೋಪಿಯನ್ ಟೂರ್‌ನಲ್ಲಿ ಎರಡು ಗೆದ್ದರು, 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ಹೊಡೆತದಿಂದ ಎರಡನೆಯವರಾದರು, ಅಮೆರಿಕದ ಪಿಜಿಎ ಟೂರ್‌ನಲ್ಲಿ ಗೆಲುವು ಅವರಿಗೂ ಸಿಗಲಿಲ್ಲ. ಅರ್ಜುನ್ ಅಟ್ವಾಲ್ 2010ರಲ್ಲಿ ಅಲ್ಲಿ ಗೆದ್ದ ಮೊದಲ ಭಾರತೀಯ. ಲಾಹಿರಿಯನ್ನು ಯಾರೂ ಒಂದು ಸಲ ಮಿಂಚಿದವರು ಅನ್ನುವುದಿಲ್ಲ. ಒಲಿಂಪಿಕ್ಸ್ ವಾರದಲ್ಲಿ ಮಾತ್ರ ನಮ್ಮ ಟಿವಿಗಳು ಹೆಣ್ಣುಮಕ್ಕಳ ಗಾಲ್ಫ್ ಕಡೆ ತಿರುಗಿದವು, ನಿಮ್ಮ ಸಹೋದ್ಯೋಗಿಗೆ ಕಂಡದ್ದೂ ಆ ವಾರ ಮಾತ್ರ.

ಎಲ್‌ಪಿಜಿಎಯಲ್ಲಿ ಮುಂದೆ ಗೆಲ್ಲುತ್ತಾರಾ ಅಂದರೆ, ಅಂಥದ್ದೇನಾದರೂ ಆದರೆ ಉದ್ದದ, ಮೆತ್ತನೆಯ ಕೋರ್ಸ್‌ನಲ್ಲಿ ಅಲ್ಲ, ವಿಲ್‌ಷೈರ್‌ನಂಥ ಹಳೆಯ, ಇಕ್ಕಟ್ಟಾದ ಕೋರ್ಸ್‌ನಲ್ಲಿ ಅಂತ ನಾನು ಪಂದ್ಯ ಕಟ್ಟುತ್ತೇನೆ. ಲೀಡರ್‌ಬೋರ್ಡ್ ನೋಡುವ ಅಭ್ಯಾಸ ಮಾಡಿಕೊಳ್ಳುವುದಾದರೆ ಶುಕ್ರವಾರ ಕಟ್ ದಾಟಿದರಾ ಅಂತ ಮೊದಲು ನೋಡಿ, ಆಮೇಲೆ ಸುತ್ತಿಗೆ ಎಷ್ಟು ಪಟ್ ಆದವು ಅನ್ನುವುದನ್ನು. ಯುರೋಪಿನ ಟೂರ್ನಿಯಾದರೆ ಭಾನುವಾರ ರಾತ್ರಿ ಊಟದ ಹೊತ್ತಿಗೆ ಫಲಿತಾಂಶ ಗೊತ್ತಾಗುತ್ತದೆ, ಅಮೆರಿಕದ್ದಾದರೆ ಸೋಮವಾರ ಬೆಳಿಗ್ಗೆ.